ಕುದುರೆಮುಖದ ಅದಿರು ಮತ್ತು ಕಾಡು: ಹುಡುಕುವ ಮೊದಲೇ ಕೇಳಬೇಕಾದ ಪ್ರಶ್ನೆ

"ಕರ್ನಾಟಕದಲ್ಲಿ ಮ್ಯಾಗ್ನೆಟೈಟ್ ಅದಿರು ಎಲ್ಲಿ ಸಿಗುತ್ತದೆ?" ಎಂಬ ಒಂದು ಅಂಕದ ಪ್ರಶ್ನೆಗೆ ಹೈಸ್ಕೂಲಿನಲ್ಲಿ ನಾವೆಲ್ಲ "ಕುದುರೆಮುಖ" ಎಂದು ಬರೆದವರೇ. ಆ ಉತ್ತರ ಇಂದಿಗೂ ಸರಿ. ಅದಿರು ಅಲ್ಲಿಯೇ ಇದೆ, ಬೆಟ್ಟದ ಹೊಟ್ಟೆಯಲ್ಲಿ. ಆದರೆ 2005ರ ಡಿಸೆಂಬರ್ 31ಕ್ಕೆ ಅಲ್ಲಿನ ಗಣಿ ನಿಂತಿತು. ಈಗ ಪಿಯುಸಿ ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರು ಆಗಿನ್ನೂ ಹುಟ್ಟಿರಲಿಲ್ಲ. ಬೇಕಾದ ಅದಿರು ಕಣ್ಣೆದುರೇ ಇದ್ದೂ ಒಂದು ದೇಶ ಅದನ್ನು ತೆಗೆಯುವುದನ್ನು ಯಾಕೆ ನಿಲ್ಲಿಸಿತು ಎಂಬುದು ಪಠ್ಯಪುಸ್ತಕದ ಆ ಒಂದು ಸಾಲಿನಲ್ಲಿ ಇಲ್ಲ.

ಈ ವರ್ಷ ನಮ್ಮ ವಿಜ್ಞಾನ ಸಂಘ "ಗಣಿ ಬೇಕೇ, ಕಾಡು ಬೇಕೇ?" ಎಂಬ ಚರ್ಚಾಕೂಟ ಇಟ್ಟಿತ್ತು. ನಾನು ಸಮಯ ನೋಡಿಕೊಳ್ಳುವವನಾಗಿದ್ದೆ, ಮೂರು ನಿಮಿಷಕ್ಕೊಮ್ಮೆ ಗಂಟೆ ಬಾರಿಸುವುದಷ್ಟೇ ನನ್ನ ಕೆಲಸ. ಎರಡೂ ಕಡೆಯವರು ಚೆನ್ನಾಗಿಯೇ ಮಾತಾಡಿದರು. ಒಬ್ಬರು ಉಕ್ಕು, ರೈಲು, ಸೇತುವೆ ಎಂದರು. ಇನ್ನೊಬ್ಬರು ನದಿ, ಮಳೆ, ಹುಲಿ ಎಂದರು. ಆದರೆ ಗಣಿ ಎಂಬುದು ಒಂದು ದಿನ ಬೆಳಗಾಗುವಾಗ ತೆರೆದುಕೊಳ್ಳುವುದಿಲ್ಲ. ಅದಕ್ಕೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಅರವತ್ತು ವರ್ಷ ಮೊದಲು ಯಾರೋ ಸುತ್ತಿಗೆ ಹಿಡಿದು ಆ ಕಾಡಿಗೆ ಹೋಗಿರುತ್ತಾರೆ. ಆ ಮೊದಲ ಹೆಜ್ಜೆಗೆ ಖನಿಜ ಶೋಧನೆ ಎನ್ನುತ್ತಾರೆ. ಚರ್ಚಾಕೂಟದಲ್ಲಿ ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಆಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿದಾಗ, ಕಾಡಿನ ಹಣೆಬರಹ ಬಹುಮಟ್ಟಿಗೆ ನಿರ್ಧಾರವಾಗುವುದು ಅಲ್ಲಿಯೇ ಎಂದು ನನಗೆ ಅನ್ನಿಸಿತು. ಆದ್ದರಿಂದ ಈ ಬರಹ.

ಮೊದಲು ಶೋಧನೆ ಹೇಗೆ ನಡೆಯುತ್ತದೆ ಎಂದು ನೋಡೋಣ. ನಮ್ಮ ದೇಶದಲ್ಲಿ ಅದನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ: ಜಿ-4, ಜಿ-3, ಜಿ-2, ಜಿ-1. ಜಿ-4 ಎಂದರೆ ಸ್ಥೂಲವಾದ ಸಮೀಕ್ಷೆ. ಭೂಪಟ, ಉಪಗ್ರಹ ಚಿತ್ರ, ಬಂಡೆಯ ಚೂರು, ಹಳ್ಳದ ಮರಳಿನ ಮಾದರಿ ಇಷ್ಟರಲ್ಲಿಯೇ ಬಹುಪಾಲು ಮುಗಿಯುತ್ತದೆ. ಮ್ಯಾಗ್ನೆಟೈಟ್ ಆದರೆ ಇನ್ನೂ ಸುಲಭ. ಅದು ಅಯಸ್ಕಾಂತದ ಗುಣವಿರುವ ಅದಿರು, ವಿಮಾನದಲ್ಲಿ ಉಪಕರಣ ಕಟ್ಟಿಕೊಂಡು ಬೆಟ್ಟದ ಮೇಲೆ ಹಾರಿದರೂ ಅದರ ಸುಳಿವು ಸಿಗುತ್ತದೆ. ಒಂದು ಎಲೆಯೂ ಅಲುಗಬೇಕಿಲ್ಲ. ಮುಂದಿನ ಹಂತಗಳಿಗೆ ಬಂದಂತೆ ಕೆಲಸ ನೆಲಕ್ಕೆ ಇಳಿಯುತ್ತದೆ. ಕಂದಕ ತೋಡಬೇಕು, ಡ್ರಿಲ್ಲಿಂಗ್ ಯಂತ್ರದಿಂದ ನೂರಾರು ಅಡಿ ಕೊರೆದು ಒಳಗಿನ ಕಲ್ಲನ್ನು ಉದ್ದನೆಯ ಕೋಲಿನಂತೆ ಹೊರತೆಗೆಯಬೇಕು. ಮೊದಮೊದಲು ರಂಧ್ರಗಳು ದೂರ ದೂರ ಇರುತ್ತವೆ, ಜಿ-1ಕ್ಕೆ ಬರುವಾಗ ಹತ್ತಿರ ಹತ್ತಿರವಾಗುತ್ತವೆ. ಎಷ್ಟು ಅದಿರಿದೆ, ಯಾವ ದರ್ಜೆಯದು, ತೆಗೆದರೆ ಗಿಟ್ಟುತ್ತದೆಯೇ ಎಂದು ಆಗ ಖಚಿತವಾಗಿ ಹೇಳಬಹುದು.

ಮೊದಲ ಹಂತದ ಅಂಕಿಗಳನ್ನು ಎಷ್ಟು ಎಚ್ಚರದಿಂದ ಓದಬೇಕು ಎಂಬುದಕ್ಕೆ ಮಂಡ್ಯದ ಲಿಥಿಯಂ ಒಳ್ಳೆಯ ಉದಾಹರಣೆ. 2020ರಲ್ಲಿ ಅಲ್ಲಿ 14,100 ಟನ್ ಲಿಥಿಯಂ ಇದೆ ಎಂಬ ಅಂದಾಜು ಪತ್ರಿಕೆಗಳಲ್ಲೆಲ್ಲ ಬಂತು. ಮರುವರ್ಷ ಸರ್ಕಾರ ಕೊಟ್ಟ ಲೆಕ್ಕ 1,600 ಟನ್, ಅದೂ ಅತ್ಯಂತ ಕೆಳಗಿನ ಖಚಿತತೆಯ ಗುಂಪಿನಲ್ಲಿ. ಯಾರೂ ಸುಳ್ಳು ಹೇಳಿದರು ಎಂದಲ್ಲ. ನೆಲದ ಒಳಗನ್ನು ಮೇಲಿನಿಂದ ಊಹಿಸುವ ಕೆಲಸವೇ ಹಾಗೆ. ಶೋಧನೆ ನಡೆದ ಜಾಗಗಳಲ್ಲಿ ಬಹುಪಾಲು ಎಂದೂ ಗಣಿಯಾಗುವುದಿಲ್ಲ.

ಹಾಗಾದರೆ ಶೋಧನೆಯಿಂದ ಏನು ನಷ್ಟ, ನಾಲ್ಕು ಅಂಗುಲದ ರಂಧ್ರದಿಂದ ಕಾಡು ಹಾಳಾಗುತ್ತದೆಯೇ ಎಂದು ನೀವು ಕೇಳಬಹುದು. ರಂಧ್ರದಿಂದ ಇಲ್ಲ. ರಂಧ್ರದ ಹತ್ತಿರ ಯಂತ್ರ ಹೋಗಬೇಕಲ್ಲ, ಅದಕ್ಕೆ ದಾರಿ ಬೇಕು. ಯಂತ್ರ ನಿಲ್ಲಲು ಸಮತಟ್ಟು ಜಾಗ ಬೇಕು, ಕೊರೆಯುವಾಗ ನೀರು ಬೇಕು, ಕೆಲಸಗಾರರಿಗೆ ತಂಗಲು ಟೆಂಟ್ ಬೇಕು. ಯಂತ್ರ ವಾಪಸು ಹೋದ ಮೇಲೂ ದಾರಿ ಉಳಿಯುತ್ತದೆ. ಆ ದಾರಿಯ ಎರಡೂ ಬದಿಗೆ ಬಿಸಿಲು ಬಿದ್ದು ಲಂಟಾನ, ಯುಪಟೋರಿಯಂ (ನಮ್ಮ ಕಡೆ ಕಮ್ಯುನಿಸ್ಟ್ ಗಿಡ ಎನ್ನುವುದು) ನುಗ್ಗುತ್ತವೆ. ಮರಗಳ್ಳರಿಗೂ ಅದೇ ದಾರಿ.

ಇನ್ನೊಂದು ಪರಿಣಾಮ ಕಣ್ಣಿಗೆ ಕಾಣದ್ದು. ಕಾಡಿನ ಅಡಿಯಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದಾಗ ಅದು ಬರೀ ಕಾಡು. "ಇಷ್ಟು ಕೋಟಿ ಟನ್ ಅದಿರು" ಎಂಬ ವರದಿ ಬಂದ ಮರುದಿನದಿಂದ ಅದೇ ಕಾಡು "ಸಿಕ್ಕಿಹಾಕಿಕೊಂಡ ಸಂಪತ್ತು" ಆಗಿಬಿಡುತ್ತದೆ. ಶೋಧನೆಗೆ ಹಣ ಹಾಕಿದವರು ಅದನ್ನು ಮರಳಿ ಪಡೆಯಲು ನೋಡುತ್ತಾರೆ. ಒಂದು ಸರ್ಕಾರ ಬೇಡವೆಂದರೆ ಮುಂದಿನ ಸರ್ಕಾರ ಫೈಲು ತೆರೆಯುತ್ತದೆ. ಅದಿರಿಗೆ ಕಾಯುವ ಶಕ್ತಿ ಇದೆ, ಅದರ ಫೈಲಿಗೂ ಇದೆ.

ಕುದುರೆಮುಖದ ಕಥೆ ಹೀಗೆಯೇ ಶುರುವಾಯಿತು. 1913ರಲ್ಲಿ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ವಿಜ್ಞಾನಿ ಸಂಪತ್ ಅಯ್ಯಂಗಾರ್ ಅವರು ಆ ಬೆಟ್ಟಗಳಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. ರಸ್ತೆಯಿಲ್ಲದ, ಜಿಗಣೆ ತುಂಬಿದ, ವರ್ಷದಲ್ಲಿ ಐದಾರು ತಿಂಗಳು ಮೋಡದೊಳಗೇ ಇರುವ ಜಾಗಕ್ಕೆ ಅಂದು ನಡೆದೇ ಹೋಗಿರಬೇಕು. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಆಮೇಲೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಗಣಿಯಾಗಲಿಲ್ಲ. ಕಾರಣ ಕಾಡಿನ ಮೇಲಿನ ಪ್ರೀತಿಯಲ್ಲ, ಅದಿರು ಬಡವಾಗಿತ್ತು ಅಷ್ಟೇ. ಬಳ್ಳಾರಿ ಕಡೆಯ ಹೆಮಟೈಟ್‌ನಲ್ಲಿ ಕಬ್ಬಿಣ ಶೇಕಡಾ 60ರ ಮೇಲೆ ಇದ್ದರೆ, ಕುದುರೆಮುಖದ ಕಲ್ಲಿನಲ್ಲಿ ಇರುವುದು ಶೇಕಡಾ 38ರ ಆಸುಪಾಸು. ಅಷ್ಟು ಬಡ ಅದಿರನ್ನು ಕುಲುಮೆಗೆ ಹಾಕಿದರೆ ಲಾಭವಿಲ್ಲ.

1960ರ ದಶಕದಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಂಡಿಸಿ, ಅಲ್ಲಿ ವಿವರವಾದ ಶೋಧನೆ ನಡೆಸಿತು. 1969ರಲ್ಲಿ ಸುಮಾರು 4,600 ಹೆಕ್ಟೇರ್ ಜಾಗಕ್ಕೆ ಮೂವತ್ತು ವರ್ಷದ ಗಣಿ ಗುತ್ತಿಗೆ ಆಯಿತು. ಹಣ ಬಂದದ್ದು ಇರಾನಿನಿಂದ. ತೈಲ ಬೆಲೆ ಏರಿ ಇರಾನಿನ ಷಾ ಬಳಿ ಹಣ ತುಂಬಿ ತುಳುಕುತ್ತಿದ್ದ ಕಾಲ ಅದು. ತನ್ನ ದೇಶದಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುವ ಆಸೆ ಅವರದು. 1975ರ ಒಪ್ಪಂದದ ಪ್ರಕಾರ ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು, ನಾವು 21 ವರ್ಷಗಳಲ್ಲಿ 15 ಕೋಟಿ ಟನ್ ಸಾಂದ್ರೀಕರಿಸಿದ ಅದಿರು ಕಳಿಸಬೇಕು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ, ಕೆಐಒಸಿಎಲ್, ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶಬಿಟ್ಟರು. ಹೊಸ ಸರ್ಕಾರಕ್ಕೆ ಈ ಅದಿರು ಬೇಕಾಗಿರಲಿಲ್ಲ, ಸಾಲವೂ ಅರ್ಧದಲ್ಲಿ ನಿಂತಿತು. ಇಲ್ಲಿ ಮಾತ್ರ ಬೆಟ್ಟ ಬಗೆದಾಗಿತ್ತು, ಅಣೆಕಟ್ಟೆ ಏಳುತ್ತಿತ್ತು, ಪೈಪು ಹಾಕಿಯಾಗಿತ್ತು. 1980ರಲ್ಲಿ ಗಣಿ ಶುರುವಾದಾಗ ಯಾರಿಗಾಗಿ ತೆರೆದರೋ ಆ ಗಿರಾಕಿಯೇ ಇರಲಿಲ್ಲ. ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಬೇಕಾಯಿತು. ಚರಿತ್ರೆ ತರಗತಿಯಲ್ಲಿ ಇರಾನಿನ ಕ್ರಾಂತಿಯನ್ನು ಓದುವಾಗ ಅದರ ಒಂದು ತುದಿ ಪಶ್ಚಿಮ ಘಟ್ಟದ ಬೆಟ್ಟವೊಂದಕ್ಕೆ ತಾಗಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ.

ಇಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ಕೆಲಸ ದೊಡ್ಡದೇ. ಕಲ್ಲನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಕಣಗಳನ್ನು ಬೇರೆ ಮಾಡಿ, ಶೇಕಡಾ 67ರಷ್ಟು ಕಬ್ಬಿಣವಿರುವ ಪುಡಿ ಮಾಡುತ್ತಿದ್ದರು. ಅದನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಘಟ್ಟದಿಂದ ಕೆಳಗೆ ನಮ್ಮ ಪಣಂಬೂರಿಗೆ ಹರಿಸುತ್ತಿದ್ದರು. ಲಾರಿಯ ಸಾಲು ಬೇಕಿರಲಿಲ್ಲ. ವರ್ಷಕ್ಕೆ 75 ಲಕ್ಷ ಟನ್ ಪುಡಿ ತಯಾರಿಸುವ ಸಾಮರ್ಥ್ಯ ಅದಕ್ಕಿತ್ತು. ಆದರೆ ಮೂರು ಟನ್ ಕಲ್ಲು ಅರೆದರೆ ಸಿಗುವುದು ಒಂದು ಟನ್ ಪುಡಿ. ಉಳಿದ ಎರಡು ಟನ್? ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ವರ್ಷಕ್ಕೆ ಒಂದೂವರೆ ಕೋಟಿ ಟನ್ ನುಣುಪಾದ ಕೆಸರು. ಅದನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟೆ ಕಟ್ಟಿದರು. ನೂರು ಮೀಟರ್ ಎಂದರೆ ಮೂವತ್ತು ಮಹಡಿಯ ಕಟ್ಟಡ. ಅದರ ಹಿಂದೆ ಇರುವುದು ನೀರಾವರಿಗೆ ಬಿಡುವ ನೀರಲ್ಲ, ಇಡೀ ಕಣಿವೆ ತುಂಬಿದ ಕೆಸರು.

ಈಗ ತಕ್ಕಡಿಯ ಇನ್ನೊಂದು ತಟ್ಟೆಗೆ ಬರೋಣ. ಅಲ್ಲಿನ ಕಾಡು ಎಂಥದು?

ಕುದುರೆಮುಖದ ಬೆಟ್ಟಗಳ ಚಿತ್ರ ನೋಡಿದವರಿಗೆ ಮೊದಲು ಕಾಣುವುದು ಹಸಿರು ಹುಲ್ಲು. ಬೆಟ್ಟದ ಮೈ, ನೆತ್ತಿ ಎಲ್ಲ ಹುಲ್ಲು. ಎರಡು ಬೆಟ್ಟ ಕೂಡುವ ಮಡಿಕೆಗಳಲ್ಲಿ, ನೀರು ಜಿನುಗುವಲ್ಲಿ ಮಾತ್ರ ಕಪ್ಪು ಹಸಿರಿನ ಗಿಡ್ಡ ಮರಗಳ ಗುಂಪು. ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ಇನ್ನೂ ಕೆಳಗಿನ ಕಣಿವೆಗಳಲ್ಲಿ ಎತ್ತರದ ನಿತ್ಯಹರಿದ್ವರ್ಣ ಕಾಡು. ನಮ್ಮಲ್ಲಿ ಕೆಲವರು ಹುಲ್ಲುಗಾವಲನ್ನು "ಮರ ಕಡಿದು ಬೋಳಾದ ಜಾಗ" ಎಂದುಕೊಳ್ಳುತ್ತಾರೆ, ಅಲ್ಲಿ ಅಕೇಶಿಯಾ ನೆಟ್ಟರೆ ಪುಣ್ಯದ ಕೆಲಸ ಎಂದೂ ಭಾವಿಸುತ್ತಾರೆ. ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಇಂಥದೇ ಬೆಟ್ಟಗಳ ಜೌಗು ಮಣ್ಣಿನಲ್ಲಿ ಪದರ ಪದರವಾಗಿ ಉಳಿದ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ವರದಿ ಮಾಡಿದರು. ಹುಲ್ಲು ಮತ್ತು ಮರಗಳ ಈ ಹೊಂದಾಣಿಕೆ ಕಳೆದ 20,000 ವರ್ಷಗಳಲ್ಲಿ ಹವಾಮಾನಕ್ಕೆ ತಕ್ಕಂತೆ ಹಿಂದುಮುಂದಾಗುತ್ತ ಬಂದಿದೆ ಎಂದು ಅದರಿಂದ ತಿಳಿಯಿತು. ಅಂದರೆ ಹುಲ್ಲೂ ಹಳೆಯದೇ. ಹಳೆಯ ಕಾಡು ಎಂದರೆ ದಪ್ಪ ಮರ ಮಾತ್ರವಲ್ಲ.

ಇಲ್ಲಿ ವರ್ಷಕ್ಕೆ 6,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜುಲೈ ತಿಂಗಳಲ್ಲಿ ಕೊಡೆ ತಿರುಗಿಸಿಕೊಂಡು ಕಾಲೇಜಿಗೆ ಬರುವ ನಮಗೆ ಮಂಗಳೂರಿನ ಮಳೆಯೇ ಹೆಚ್ಚು, ಅಲ್ಲಿ ಅದರ ಒಂದೂವರೆ ಪಟ್ಟು. ಇಷ್ಟು ನೀರು ಒಮ್ಮೆಗೇ ಕೆಳಗೆ ಧುಮುಕದಂತೆ ಹಿಡಿಯುವುದು ಹುಲ್ಲಿನ ಬೇರು ಮತ್ತು ಶೋಲಾದ ಸ್ಪಂಜಿನಂಥ ಮಣ್ಣು. ಮಳೆಗಾಲ ಮುಗಿದ ಮೇಲೂ ಅದು ತೊಟ್ಟುತೊಟ್ಟಾಗಿ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಮಂಗಳೂರಿನ ನಳ್ಳಿಯಲ್ಲಿ ಬರುವುದು ನೇತ್ರಾವತಿ ನೀರು. ಭದ್ರಾ ಜಲಾಶಯವನ್ನು ನಂಬಿ ಶಿವಮೊಗ್ಗ, ದಾವಣಗೆರೆ ಕಡೆಯ ಗದ್ದೆ, ತೋಟಗಳಿವೆ.

ಗಣಿಯಿಂದ ಆದ ಪೆಟ್ಟನ್ನು ಅಳೆದು ನೋಡಿದವರೂ ಇದ್ದಾರೆ. ಜಗದೀಶ್ ಕೃಷ್ಣಸ್ವಾಮಿ ಮತ್ತು ಅವರ ತಂಡ ಭದ್ರಾ ನದಿಯಲ್ಲಿ ಮಳೆಗಾಲದ ಹೂಳನ್ನು ಅಳೆದರು. ಜಲಾನಯನದ ತೀರಾ ಸಣ್ಣ ಪಾಲು ಗಣಿಯದು, ಆದರೆ ನದಿಗೆ ಸೇರುತ್ತಿದ್ದ ಒಟ್ಟು ಹೂಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಆ ಸಣ್ಣ ಪಾಲಿನಿಂದಲೇ ಬರುತ್ತಿತ್ತು. "ಗಣಿಗೆ ಹೋಗುವುದು ಕಾಡಿನ ಶೇಕಡಾ ಇಷ್ಟು ಮಾತ್ರ" ಎಂಬ ವಾದ ಕೇಳಿದಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ಬೆಟ್ಟದ ನೆತ್ತಿಯ ನೂರು ಎಕರೆ ಮತ್ತು ಬಯಲಿನ ನೂರು ಎಕರೆ ಒಂದೇ ಅಲ್ಲ.

ಪ್ರಾಣಿಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ಸಿಂಗಳೀಕ. ಮುಖದ ಸುತ್ತ ಬೂದು ಕೇಸರ, ಸಿಂಹದಂಥ ಬಾಲದ ತುದಿ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದು ಬದುಕುವುದು ಮರಗಳ ಮೇಲೆಯೇ, ಒಂದರ ಕೊಂಬೆಯಿಂದ ಇನ್ನೊಂದರ ಕೊಂಬೆಗೆ. ಮಧ್ಯೆ ಅಗಲವಾದ ರಸ್ತೆ ಬಂದರೆ ಅದಕ್ಕೆ ಊರೇ ಎರಡಾದಂತೆ. ವರ್ಷವಿಡೀ ಒಂದಲ್ಲ ಒಂದು ಮರ ಹಣ್ಣು ಬಿಡುವ ಕಾಡು ಬೇಕು, ಅಂಥ ಕಾಡು ಸಾಲಾಗಿ ನೆಟ್ಟ ಸಸಿಗಳಿಂದ ಇಪ್ಪತ್ತು ವರ್ಷದಲ್ಲಿ ಆಗುವುದಿಲ್ಲ.

ಕಾನೂನಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1987ರಲ್ಲಿ ರಾಜ್ಯ ಸರ್ಕಾರ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲು ಮೊದಲ ಅಧಿಸೂಚನೆ ಹೊರಡಿಸಿತು. ಗಣಿ ಅದರ ನಡುವೆಯೇ ನಡೆಯುತ್ತಿತ್ತು. 1999ಕ್ಕೆ ಗುತ್ತಿಗೆ ಮುಗಿದಾಗ ಕಂಪನಿ ಇನ್ನೂ ಇಪ್ಪತ್ತು ವರ್ಷ ಕೇಳಿತು. ಪರಿಸರವಾದಿಗಳು, ವಿದ್ಯಾರ್ಥಿಗಳು, ಕೆಳಗಿನ ಊರುಗಳ ರೈತರು ವಿರೋಧಿಸಿದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: ಈಗಾಗಲೇ ಅಗೆದಿರುವ ಜಾಗದಲ್ಲಿ ಮಾತ್ರ 2005ರ ಕೊನೆಯವರೆಗೆ ಗಣಿ, ಆಮೇಲೆ ಇಲ್ಲ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ ವಿಶ್ವ ಪರಂಪರೆ ತಾಣಗಳ ಪಟ್ಟಿ ಮಾಡಿದಾಗ ಕುದುರೆಮುಖವೂ ಅದರಲ್ಲಿ ಸೇರಿತು.

ಇಷ್ಟು ಓದಿದರೆ ಕಾಡು ಗೆದ್ದ ಕಥೆಯಂತೆ ಕಾಣುತ್ತದೆ. ನನ್ನ ಮಾಮನ ಹತ್ತಿರ ಕೇಳಿದರೆ ಅಷ್ಟು ನೇರವಾಗಿ ಹೇಳುವುದಿಲ್ಲ. ಉಮ್ಮನ ಅಣ್ಣ ಅವರು, ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ಸಣ್ಣ ಬಟ್ಟೆ ಅಂಗಡಿ ಇಟ್ಟಿದ್ದರು. ಶಾಲೆ, ಆಸ್ಪತ್ರೆ, ಬ್ಯಾಂಕು, ಕ್ವಾರ್ಟರ್ಸ್ ಎಲ್ಲ ಇದ್ದ ಊರು. ಗಣಿ ನಿಂತ ಮೇಲೆ ಒಂದೊಂದೇ ಮನೆ ಖಾಲಿಯಾಯಿತು. ಈದ್ ಬಟ್ಟೆಗೆ ಮೊದಲೇ ಹೇಳಿಡುತ್ತಿದ್ದ ಗಿರಾಕಿಗಳು ಸುರತ್ಕಲ್, ಬೆಂಗಳೂರು, ಗಲ್ಫ್ ಎಂದು ಚದುರಿದರು. ಮಾಮ ಕೊನೆಗೆ ಅಂಗಡಿ ಎತ್ತಿಕೊಂಡು ಕೆಳಗೆ ಬಂದರು. "ಕಾಡು ಉಳಿದದ್ದು ಒಳ್ಳೆಯದೇ ಮೋನೇ. ಅದಿರು ಇಂದಲ್ಲ ನಾಳೆ ಮುಗಿಯುವಂಥದ್ದೇ ಅಲ್ಲವಾ? ಆದರೆ ಮುಗಿದ ಮೇಲೆ ಊರಿನ ಗತಿ ಏನು ಎಂದು ಶುರುವಿನಲ್ಲೇ ಯೋಚಿಸಬೇಕಿತ್ತು" ಎನ್ನುತ್ತಾರೆ. ಯಾರ ಮೇಲೂ ಅವರಿಗೆ ಸಿಟ್ಟಿಲ್ಲ. ಆ ಮಾತು ಎಲ್ಲ ಗಣಿ ಊರುಗಳಿಗೂ ಅನ್ವಯಿಸುತ್ತದೆ.

ಕಾಡಿನೊಳಗೆ ತಲೆಮಾರುಗಳಿಂದ ಇದ್ದ ಮಲೆಕುಡಿಯ ಮತ್ತು ಇತರ ಕುಟುಂಬಗಳ ಮಾತೂ ಇದೆ. ಗಣಿ ಬಂದಾಗ ಅವರನ್ನು ಕೇಳಲಿಲ್ಲ, ರಾಷ್ಟ್ರೀಯ ಉದ್ಯಾನ ಬಂದಾಗ "ನೀವು ಹೊರಗೆ ಹೋಗಿ" ಎಂದರು. ಕಾಡು ಉಳಿಸುವುದಕ್ಕೂ ಬೆಲೆ ಇದೆ. ಅದನ್ನು ಯಾರ ಜೇಬಿನಿಂದ ತೆಗೆಯುತ್ತೇವೆ ಎಂಬುದನ್ನು ಮರೆತು ಮಾತಾಡುವ ಪರಿಸರ ಭಾಷಣ ನನಗೆ ರುಚಿಸುವುದಿಲ್ಲ.

ಹಾಗಾದರೆ ತೂಗುವುದು ಹೇಗೆ? ಸರ್ಕಾರದ ಬಳಿ ಒಂದು ತಕ್ಕಡಿ ಇದೆ. ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಕೊಡುವಾಗ "ನಿವ್ವಳ ಪ್ರಸ್ತುತ ಮೌಲ್ಯ" ಎಂಬ ಹಣ ಕಟ್ಟಿಸಿಕೊಳ್ಳುತ್ತಾರೆ. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರದ ಪ್ರಕಾರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ಅಭಯಾರಣ್ಯವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. ದರ ಆಮೇಲೆ ಏರಿದೆ, ಕ್ರಮ ಅದೇ. ಕಾಮರ್ಸ್ ಗೆಳೆಯರು ಇದನ್ನು ನನ್ನ ಜೊತೆ ಲೆಕ್ಕ ಹಾಕಲಿ. ಕುದುರೆಮುಖದ 4,600 ಹೆಕ್ಟೇರ್ ಗುತ್ತಿಗೆ ಜಾಗವನ್ನು ಪೂರ್ತಿ ಅತಿ ದಟ್ಟ ಕಾಡೆಂದೇ ಹಿಡಿದು, ಹತ್ತು ಪಟ್ಟು ದರ ಹಾಕಿದರೂ ಒಟ್ಟು ಸುಮಾರು 4,800 ಕೋಟಿ. ಇನ್ನೊಂದು ತಟ್ಟೆಯಲ್ಲಿ, ಅದಿರಿನ ಪುಡಿಗೆ ಟನ್ನಿಗೆ ಬರೀ ಸಾವಿರ ರೂಪಾಯಿ ಎಂದು ಊಹಿಸಿದರೂ 75 ಲಕ್ಷ ಟನ್ನಿಗೆ ವರ್ಷಕ್ಕೆ 750 ಕೋಟಿ. ಇದು ಲಾಭವಲ್ಲ, ಬರೀ ವಹಿವಾಟು, ನಿಜ. ಆದರೂ ಏಳು ವರ್ಷದ ವಹಿವಾಟಿನ ಮುಂದೆ 20,000 ವರ್ಷದ ಕಾಡಿನ ಒಂದೇ ಸಲದ ಬೆಲೆ ಕಡಿಮೆ ಬಂತು. ಲೆಕ್ಕ ತಪ್ಪಿಲ್ಲ. ರೂಪಾಯಿಯಲ್ಲಿ ತೂಗಲು ಹೊರಟರೆ ಇಂಥ ಕಾಡು ಪ್ರತಿ ಸಲ ಸೋಲುತ್ತದೆ ಎಂಬುದಷ್ಟೇ ಇದರಿಂದ ಗೊತ್ತಾಗುವುದು.

ಆದ್ದರಿಂದ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಯಾವುದನ್ನು ಮುಂದೂಡಬಹುದು, ಯಾವುದನ್ನು ಮುಂದೂಡಲಾಗದು? ಅದಿರು ಕೊಳೆಯುವುದಿಲ್ಲ. 1913ರಿಂದ 1980ರವರೆಗೆ ಕಾದ ಕಲ್ಲು ಇನ್ನೂ ನೂರು ವರ್ಷ ಕಾಯಬಲ್ಲದು. ಬಡ ಅದಿರು ಎಂದು ಬಿಟ್ಟದ್ದೇ ಹೊಸ ತಂತ್ರಜ್ಞಾನ ಬಂದಾಗ ಉಪಯೋಗಕ್ಕೆ ಬಂತು. ನಾಳಿನ ತಂತ್ರಜ್ಞಾನ ಇನ್ನೂ ಕಡಿಮೆ ಜಾಗ, ಕಡಿಮೆ ನೀರಿನಲ್ಲಿ ಅದನ್ನು ತೆಗೆಯಬಹುದು. ಇಲ್ಲವೇ ಗುಜರಿ ಕಬ್ಬಿಣ ಕರಗಿಸಿ ಉಕ್ಕು ಮಾಡುವುದು ಹೆಚ್ಚಾಗಿ, ಹೊಸ ಅದಿರೇ ಅಷ್ಟು ಬೇಕಾಗದಿರಬಹುದು. ಶೋಲಾಕ್ಕೆ ಈ ಅನುಕೂಲವಿಲ್ಲ. ಮೇಲ್ಮಣ್ಣು ಒಂದು ಮಳೆಗಾಲಕ್ಕೆ ಜಾರಿ ಹೋದರೆ ನಮ್ಮ ಆಯುಷ್ಯದಲ್ಲಿ ವಾಪಸು ಬರುವುದಿಲ್ಲ.

ಇದಕ್ಕೆ ಎದುರು ವಾದ ಬಲವಾದದ್ದೇ, ಅದನ್ನೂ ಹೇಳಬೇಕು. ಕುದುರೆಮುಖ ಮುಚ್ಚಿದರೂ ಉಕ್ಕಿನ ಬೇಡಿಕೆ ಮುಚ್ಚಲಿಲ್ಲ. ಪಣಂಬೂರಿನಲ್ಲಿ 1987ರಿಂದ ಅದಿರಿನ ಪುಡಿಯನ್ನು ಉಂಡೆ ಮಾಡುವ ಪೆಲೆಟ್ ಕಾರ್ಖಾನೆ ಇದೆ. ಅದು ಆಮೇಲೆ ಎನ್‌ಎಂಡಿಸಿಯಂಥ ಸಂಸ್ಥೆಗಳ ಗಣಿಗಳಿಂದ ಅದಿರು ತರಿಸಿಕೊಂಡು ನಡೆಯಬೇಕಾಯಿತು. ಆ ಗಣಿಗಳೂ ಯಾವುದೋ ಬೆಟ್ಟದಲ್ಲಿ, ಯಾರದೋ ಊರಿನ ಪಕ್ಕದಲ್ಲೇ ಇವೆ. ಸ್ವಂತ ಗಣಿಗಾಗಿ ಕೆಐಒಸಿಎಲ್ ಸಂಡೂರಿನ ದೇವದಾರಿ ಬೆಟ್ಟವನ್ನು ಕೇಳಿತು. ಸುಮಾರು 400 ಹೆಕ್ಟೇರ್ ಅರಣ್ಯ, ಕಡಿಯಬೇಕಾದ ಮರಗಳ ಲೆಕ್ಕ 99,000 ದಾಟುತ್ತದೆ. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿ ಆ ಯೋಜನೆಯ ಕಡತಕ್ಕೆ ಸಹಿ ಹಾಕಿದರು. ಅದೇ ತಿಂಗಳು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅರಣ್ಯ ಜಮೀನು ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಮಲೆನಾಡಿನ ಮಳೆಕಾಡನ್ನು ಉಳಿಸಿದ ಭಾರ ಬಯಲುಸೀಮೆಯ ಒಣ ಕಾಡಿನ ಮೇಲೆ ಬಿತ್ತು ಎನ್ನಬಹುದು. ಬಳ್ಳಾರಿ, ಸಂಡೂರು ಭಾಗದವರು "ನಿಮ್ಮ ಶೋಲಾ ಮಾತ್ರ ಕಾಡೇ?" ಎಂದು ಕೇಳಿದರೆ ನಾವು ಕರಾವಳಿಯವರು ತಲೆ ತಗ್ಗಿಸದೆ ಉತ್ತರ ಕೊಡಲು ಆಗುವುದಿಲ್ಲ. ಅವರ ಬೆಟ್ಟಗಳಿಗೆ ಆಗಲೇ ಬೇಕಾದಷ್ಟು ಗಾಯವಾಗಿದೆ.

ಇಲ್ಲಿಯೇ ಶೋಧನೆಯ ವಿಷಯ ಮತ್ತೆ ಬರುತ್ತದೆ. ಖನಿಜ ಹುಡುಕುವುದೇ ಬೇಡ ಎಂದು ನಾನು ಹೇಳುವುದಿಲ್ಲ. ನೆಲದಡಿ ಏನಿದೆ ಎಂದು ದೇಶಕ್ಕೆ ತಿಳಿದಿರಬೇಕು. ನಾವು ಹಿಡಿದಿರುವ ಮೊಬೈಲಿನಲ್ಲೇ ಹತ್ತಾರು ಲೋಹಗಳಿವೆ. ಆದರೆ ಹುಡುಕುವ ಜಾಗಗಳಿಗೆ ಒಂದು ಕ್ರಮ ಇರಬೇಕು. ಈಗಾಗಲೇ ಅಗೆದು ಬಿಟ್ಟ ಗಣಿಗಳು, ಅವುಗಳ ಪಕ್ಕದ ಕಸದ ಗುಡ್ಡೆಗಳು ಮೊದಲು. ಆಮೇಲೆ ಕಾಡಲ್ಲದ ಜಾಗ. ಶೋಲಾದಂಥ, ನದಿ ಹುಟ್ಟುವ ಹಳೆಯ ಕಾಡುಗಳಲ್ಲಿ ವಿಮಾನದಿಂದ, ಉಪಗ್ರಹದಿಂದ ಎಷ್ಟು ತಿಳಿಯುತ್ತದೋ ಅಷ್ಟಕ್ಕೇ ನಿಲ್ಲಿಸಬೇಕು. ಡ್ರಿಲ್ಲಿಂಗ್ ಯಂತ್ರ ಅಲ್ಲಿಗೆ ಏರುವುದು ಬೇಡ. ಅಲ್ಲಿ ಮುಂದೆಂದೂ ಗಣಿಗೆ ಒಪ್ಪಿಗೆ ಕೊಡುವುದಿಲ್ಲ ಎಂದಾದರೆ, ಜಿ-1 ವರದಿಗೆ ಹಣ ಸುರಿದು ಆಸೆ ಹುಟ್ಟಿಸುವುದು ಯಾತಕ್ಕೆ?

ಕಾನೂನು ಈಗ ಸಾಗುತ್ತಿರುವ ದಿಕ್ಕು ಬೇರೆ. 2023ರಲ್ಲಿ ಎರಡು ತಿದ್ದುಪಡಿಗಳಾದವು. ಗಣಿ ಮತ್ತು ಖನಿಜ ಕಾಯ್ದೆಯ ತಿದ್ದುಪಡಿ 29 ಖನಿಜಗಳಿಗೆ "ಶೋಧನಾ ಪರವಾನಗಿ" ಎಂಬ ಹೊಸ ವ್ಯವಸ್ಥೆ ತಂದು ಖಾಸಗಿಯವರನ್ನು ಹುಡುಕಾಟಕ್ಕೆ ಕರೆಯಿತು. ಅರಣ್ಯ ಕಾಯ್ದೆಯ ತಿದ್ದುಪಡಿಯು, ಸಮೀಕ್ಷೆ ಮತ್ತು ಶೋಧನೆಯನ್ನು ಕೆಲವು ಷರತ್ತುಗಳ ಮೇಲೆ "ಅರಣ್ಯೇತರ ಕೆಲಸ" ಎಂದು ಪರಿಗಣಿಸದಿರುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಬರೀ ನೋಡುವುದಲ್ಲವೇ, ಅದಕ್ಕೇಕೆ ಅಷ್ಟೊಂದು ಅನುಮತಿ ಎಂಬ ಭಾವನೆ ಇದರ ಹಿಂದೆ ಇದೆ. ದೊಡ್ಡ ಗಣಿಯಾದರೆ ಸಾಮಾನ್ಯವಾಗಿ ಜಿಲ್ಲೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ, ಜನ ಎದ್ದುನಿಂತು ಮಾತಾಡಬಹುದು. ಶೋಧನೆಗೆ ಅಂಥ ಸಭೆ ಇಲ್ಲ. ಜನರ ಅಭಿಪ್ರಾಯ ಕೇಳುವ ಹೊತ್ತಿಗೆ ದಾರಿ ಆಗಿರುತ್ತದೆ, ವರದಿ ಬಂದಿರುತ್ತದೆ, ಹಣ ಹೂಡಿರುತ್ತಾರೆ.

ನಾವು ಇನ್ನೂ ಮತದಾರರಲ್ಲ. ಆದರೆ ಅರಣ್ಯ ಜಮೀನು ಕೇಳುವ ಅರ್ಜಿಗಳನ್ನು ಕೇಂದ್ರ ಪರಿಸರ ಸಚಿವಾಲಯದ "ಪರಿವೇಶ್" ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಯಾವ ಜಿಲ್ಲೆ, ಎಷ್ಟು ಹೆಕ್ಟೇರ್, ಯಾವ ಕೆಲಸಕ್ಕೆ ಎಂದು ಅದರಲ್ಲಿ ಇರುತ್ತದೆ. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಶನಿವಾರ ಬೆಲ್ ಹೊಡೆದ ಮೇಲೆ ನಾವು ನಾಲ್ಕು ಮಂದಿ ಕುಳಿತು ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಮೂರು ಜಿಲ್ಲೆಗಳ ಅರ್ಜಿಗಳನ್ನು ಒಂದೊಂದಾಗಿ ಓದಿ ಪಟ್ಟಿ ಮಾಡಲು ಶುರುಮಾಡಿದ್ದೇವೆ. ಭೂಪಟ ಓದಲು ಬರುವವರು, ಕನ್ನಡದಲ್ಲಿ ಚೆನ್ನಾಗಿ ಟೈಪ್ ಮಾಡುವವರು ಇನ್ನಿಬ್ಬರು ಸೇರಿದರೆ ಪಟ್ಟಿಯನ್ನು ಮುಂದಿನ ಸಂಚಿಕೆಗೆ ಕೊಡಬಹುದು.